ಲಿವರ್ ಈ ಕಡೆ ಇದೆ, ಡಾಕ್ಟ್ರೇ

ಉಸಿರು ಎಳೆದರೆ ಲಿವರ್ ಕೆಳಗಿಳಿಯುತ್ತದೆ, ಬಿಟ್ಟರೆ ಮೇಲೇರುತ್ತದೆ. ಜಠರ, ಕಿಡ್ನಿ, ಕರುಳು ಕೂಡ ಅದರ ಜೊತೆ ಒಂದಿಷ್ಟು ಓಡಾಡುತ್ತವೆ. ಇದು ಗುಟ್ಟೇನಲ್ಲ, ನೀವು ಈ ಸಾಲು ಓದುತ್ತಿರುವಾಗಲೂ ನಿಮ್ಮೊಳಗೆ ನಡೆಯುತ್ತಲೇ ಇದೆ. ಆದರೂ ಸ್ವಂತ ಲಿವರ್ ದಿನವಿಡೀ ಹೀಗೆ ಮೇಲೆ ಕೆಳಗೆ ಆಡುತ್ತಿರುತ್ತದೆ ಎಂಬ ಸುದ್ದಿ ನಮ್ಮಲ್ಲಿ ಹೆಚ್ಚಿನವರಿಗೆ ತಲುಪಿಲ್ಲ. ಕನ್ನಡಕದಮ್ಮನಿಗೂ ತಲುಪಿರಲಿಲ್ಲ. ಗಡ್ಡೆ ಇದ್ದದ್ದು ಆಕೆಯ ಲಿವರಿನಲ್ಲಿ. ಸುದ್ದಿ ಇದ್ದದ್ದು ಗಂಡನ ಹತ್ತಿರ, ಅದೂ ಅರ್ಧ.

ಕನ್ನಡಕದ ಅಂಗಡಿಯಲ್ಲಿ ಜನರ ಮೂಗಿನ ಮೇಲೆ ಫ್ರೇಮು ಕೂರಿಸಿ "ಅಲ್ಲಾಡಬೇಡಿ" ಎಂದು ಗದರುವುದು ಆಕೆಯ ಕೆಲಸ. ಹೆಸರು ಬಂದದ್ದೂ ಅದರಿಂದಲೇ. ಗಂಡ ಈಜುಕೊಳದ ಕೋಚ್. ಮನೆಯಲ್ಲೂ ಕೊರಳಿನಿಂದ ವಿಸಿಲ್ ಇಳಿಸದ ಮನುಷ್ಯ. ಆ ಬೆಳಿಗ್ಗೆ ಬಚ್ಚಲುಮನೆಯಲ್ಲಿ ಆಕೆ ತುಂಬಿದ ಬಕೆಟ್ಟಿನ ಮುಂದೆ ಮೊಣಕಾಲೂರಿ ಕೂತಿದ್ದಳು. ಮೂಗಿನ ತುದಿಯಿಂದ ನೀರು ತೊಟ್ಟಿಕ್ಕುತ್ತಿತ್ತು.

ಕೋಚ್: ಮುಖ ಒಳಗೆ! ಎತ್ತು ಅಂತ ಯಾರು ಹೇಳಿದ್ರು?

ಕನ್ನಡಕದಮ್ಮ: ನನ್ನ ಮೂಗು ಹೇಳ್ತು. ರೀ, ನನಗೆ ಬಂದಿರೋದು ಲಿವರ್ ಕಾಯಿಲೆ. ಅದಕ್ಕೂ ಈ ಬಕೆಟ್ಟಿಗೂ ಏನ್ರೀ ಸಂಬಂಧ?

ಕೋಚ್: ಇದೆ. ಗಡ್ಡೆಗೆ ರೇಡಿಯೇಶನ್ ಕಿರಣ ಕೊಡುವಾಗ ಉಸಿರು ಹಿಡಿಯೋಕೆ ಬರ್ಬೇಕು ಅಂತ ಡಾಕ್ಟರೇ ಹೇಳಿದ್ದಾರೆ. ಬರ್ಲಿಲ್ಲ ಅಂದ್ರೆ ಚೆನ್ನಾಗಿರೋ ಅಂಗಗಳಿಗೂ ಏಟು ಬೀಳುತ್ತಂತೆ.

ಕನ್ನಡಕದಮ್ಮ: ಹೇಗೆ ಬೀಳುತ್ತೆ?

ಕೋಚ್: ಅದೆಲ್ಲ ಟೆಕ್ನಿಕಲ್ಲು.

ಕನ್ನಡಕದಮ್ಮ: ಯಾವ ಅಂಗಕ್ಕೆ?

ಕೋಚ್: ಅಕ್ಕಪಕ್ಕದ್ದಕ್ಕೆ.

ಕನ್ನಡಕದಮ್ಮ: ಅಕ್ಕದ್ದು ಯಾವುದು, ಪಕ್ಕದ್ದು ಯಾವುದು?

ಕೋಚ್: ಲೇ, ನೀನು ಉಸಿರು ಹಿಡಿ ಸಾಕು. ಅಂಗಗಳನ್ನ ನಾನು ನೋಡ್ಕೋತೀನಿ.

ಕನ್ನಡಕದಮ್ಮ: ಇಷ್ಟು ವರ್ಷ ನಿಮ್ಮ ಚಪ್ಪಲಿ ಎಲ್ಲಿದೆ ಅಂತ ನಾನು ನೋಡ್ಕೊಂಡಿದೀನಿ. ಈಗ ನನ್ನ ಕರುಳು ಎಲ್ಲಿದೆ ಅಂತ ನೀವು ನೋಡ್ಕೋತೀರಾ?

ಅವನು ವಿಸಿಲ್ ಊದಿದ. ಬಚ್ಚಲುಮನೆಯಲ್ಲಿ ಊದಿದರೆ ಆ ಸದ್ದು ಕಿವಿಗಿಂತ ಮೊದಲು ಹಲ್ಲಿಗೆ ತಾಗುತ್ತದೆ. ಆಕೆ ಎದೆ ತುಂಬಾ ಗಾಳಿ ಎಳೆದು, ಕೆನ್ನೆ ಉಬ್ಬಿಸಿ, ಮುಖ ನೀರಿಗಿಟ್ಟಳು. ಒಂದು ವಾರದಿಂದ ಇದೇ ಆಗಿತ್ತು. ಹಾಲು ಉಕ್ಕುವಾಗ ವಿಸಿಲ್, ಬಟ್ಟೆ ಒಣಹಾಕುವಾಗ ವಿಸಿಲ್, ಫೋನಿನಲ್ಲಿ ತಂಗಿಯ ಜೊತೆ ಮಾತಾಡುವಾಗ ವಿಸಿಲ್. ಕೇಳಿದ ತಕ್ಷಣ ಎದೆ ತಾನಾಗಿಯೇ ಉಬ್ಬಬೇಕು, ಉಬ್ಬುತ್ತಲೂ ಇತ್ತು.

ಕನ್ನಡಕದಮ್ಮ (ಮೇಲೆ ಬಂದು, ಏದುಸಿರು ಬಿಡುತ್ತ): ಒಂದು ಕೇಳ್ತೀನಿ, ಸಿಟ್ಟು ಮಾಡ್ಕೋಬೇಡಿ. ಉಸಿರು ಎಳೆದು ಹಿಡಿಯೋದೋ, ಬಿಟ್ಟು ಹಿಡಿಯೋದೋ?

ಕೋಚ್: ಬಿಟ್ಟು ಹಿಡಿಯೋದಾ? ಬಿಟ್ಟಮೇಲೆ ಹಿಡಿಯೋಕೆ ಏನಿರುತ್ತೆ? ಕೈ ಖಾಲಿ ಮಾಡಿ ಮುಷ್ಟಿ ಕಟ್ಟಿದ ಹಾಗೆ.

ಕನ್ನಡಕದಮ್ಮ: ಡಾಕ್ಟರು ಹಾಗಂದ್ರಾ?

ಕೋಚ್: ಇದಕ್ಕೆ ಡಾಕ್ಟರ್ ಯಾಕೆ ಬೇಕು? ಊರಿನ ಅರ್ಧ ಮಕ್ಕಳಿಗೆ ಉಸಿರು ಹಿಡಿಯೋದು ಕಲಿಸಿದೋನು ನಾನು.

ಕನ್ನಡಕದಮ್ಮ: ಮಿಕ್ಕ ಅರ್ಧ?

ಕೋಚ್: ಅವರು ಉಸಿರಾಡ್ಕೊಂಡು ಸುಖವಾಗಿದ್ದಾರೆ. ಏಳು, ಹೊತ್ತಾಯ್ತು. ಇವತ್ತು ಆಸ್ಪತ್ರೆಯಲ್ಲಿ ಪರೀಕ್ಷೆ. ನನ್ನ ಮಾನ ತೆಗೀಬೇಡ.

ಕನ್ನಡಕದಮ್ಮ ಉಸಿರು ಬಿಟ್ಟಳು. ದೊಡ್ಡದಾಗಿ ಅಲ್ಲ, ತೋರಿಸಿಕೊಳ್ಳುವ ಹಾಗೂ ಅಲ್ಲ. ತೂತಾದ ಬಲೂನಿನಂತೆ ಮೆಲ್ಲಗೆ. ಬಿಟ್ಟು ಸುಮ್ಮನಾದಳು. ಮದುವೆಯಾದಾಗಿನಿಂದ ಆಕೆ ಗಂಡನ ಮಾತಿಗೆ ಕೊಡುತ್ತ ಬಂದಿದ್ದ ಉತ್ತರ ಅದು. ಅವನು ಅದನ್ನು ಒಪ್ಪಿಗೆ ಎಂದೇ ತಿಳಿದಿದ್ದ.

ಡಾಕ್ಟರು ವಿಷಯ ಹೇಳಿದ ದಿನ ಆಕೆ ಅದೇ ಕೋಣೆಯಲ್ಲೇ ಇದ್ದಳು. ಪರದೆಯ ಹಿಂದೆ, ಪರೀಕ್ಷೆಯ ಮಂಚದ ಮೇಲೆ ಕೂತು ಬಟ್ಟೆ ಸರಿಮಾಡಿಕೊಳ್ಳುತ್ತಿದ್ದಳು. ಆಚೆಗೆ ಡಾಕ್ಟರು ಆಕೆಯ ಲಿವರಿನ ವಿಷಯವನ್ನು ಆಕೆಯ ಗಂಡನಿಗೆ, ಈಚೆಗೆ ಕೇಳಿಸದಷ್ಟು ಮೆಲ್ಲಗೆ, ವಿವರಿಸುತ್ತಿದ್ದರು. ಸೋರುವ ಪೈಪಿನ ವಿಷಯವನ್ನು ಕೊಳಾಯಿಯವನು ಮನೆ ಯಜಮಾನನಿಗೆ ವಿವರಿಸುವಂತೆ. ಪೈಪಿಗೆ ಯಾರೂ ಏನೂ ಹೇಳುವುದಿಲ್ಲವಲ್ಲ. ಆಕೆ ಹೊರಬರುವ ಹೊತ್ತಿಗೆ ಗಂಡಸರಿಬ್ಬರೂ ಎದ್ದು ಕೈಕುಲುಕುತ್ತಿದ್ದರು, ಆಕೆಯ ಲಿವರನ್ನು ಈಗಷ್ಟೇ ಮಾರಿ ಕೊಂಡವರ ಹಾಗೆ.

ಆಸ್ಪತ್ರೆಯ ನೆಲಮಾಳಿಗೆಯ ಕಾರಿಡಾರಿನಲ್ಲಿ ಒಂದಕ್ಕೊಂದು ಅಂಟಿಸಿದಂತಿದ್ದ ಪ್ಲಾಸ್ಟಿಕ್ ಕುರ್ಚಿಗಳು. ಎದುರಿಗೆ ದಪ್ಪನೆಯ ಬಾಗಿಲು, ಅದರ ಮೇಲೊಂದು ಕೆಂಪು ದೀಪ. ಬಾಗಿಲು ತೆರೆದು ಟೆಕ್ನಿಷಿಯನ್ ಹುಡುಗಿ ಹೊರಬಂದಳು. ಕೈಯಲ್ಲಿ ಹಸಿರು ಗೌನು, ಕಣ್ಣು ನೇರವಾಗಿ ಕೋಚ್ ಮೇಲೆ.

ಟೆಕ್ನಿಷಿಯನ್: ಸರ್, ಪೇಷಂಟಿಗೆ ಎಲ್ಲ ಹೇಳಿದೀರಲ್ಲ?

ಕೋಚ್: ಹೇಳೋದೇನು, ತಯಾರೇ ಮಾಡ್ಕೊಂಡು ಬಂದಿದೀನಿ. ನಿಮ್ಮ ಮೆಷೀನು ಸುಸ್ತಾಗ್ಬೇಕು.

ಟೆಕ್ನಿಷಿಯನ್: ಕಳೆದ ಮೂರು ಗಂಟೆಯಲ್ಲಿ ಏನೂ ತಿಂದಿಲ್ಲ ತಾನೇ, ಸರ್?

ಕೋಚ್: ತಿಂದಿಲ್ಲ.

ಟೆಕ್ನಿಷಿಯನ್: ಈಗ ನೋವೇನಾದ್ರೂ ಇದೆಯಾ, ಸರ್?

ಕೋಚ್: ಇಲ್ಲ, ಇಲ್ಲ.

ಕನ್ನಡಕದಮ್ಮ: ಇದೆ. ಸೊಂಟದಲ್ಲಿ, ಆ ಬಕೆಟ್ಟಿನ ದೆಸೆಯಿಂದ. ಅಮ್ಮಾ ತಾಯಿ, ಲಿವರ್ ಈ ಕಡೆ ಇದೆ. ಆ ಕಡೆ ಇರೋದು ಬರೀ ವಿಸಿಲ್ಲು.

ಟೆಕ್ನಿಷಿಯನ್ ನಾಲಿಗೆ ಕಚ್ಚಿಕೊಂಡಳು. ಪಕ್ಕದ ಕುರ್ಚಿಗೆ ಬಂದು ಕೂತಳು. ಈ ಕಾಯಿಲೆ ಬಂದ ಮೇಲೆ ಆಸ್ಪತ್ರೆಯವರೊಬ್ಬರು ತನ್ನ ಎತ್ತರಕ್ಕೆ ಇಳಿದು ಕೂತದ್ದು ಇದೇ ಮೊದಲು ಎಂದು ಕನ್ನಡಕದಮ್ಮನಿಗೆ ಅನ್ನಿಸಿತು.

ಟೆಕ್ನಿಷಿಯನ್: ಸಾರಿ ಆಂಟಿ. ನೋಡಿ, ನಿಮ್ಮ ಗಡ್ಡೆ ಇರೋದು ಲಿವರಿನ ಅಂಚಲ್ಲಿ. ಅದಕ್ಕೆ ಒರಗಿಕೊಂಡ ಹಾಗೇ ಜಠರ ಇದೆ, ಊಟ ಹೋಗಿ ಬೀಳೋ ಚೀಲ. ನೀವು ಉಸಿರಾಡ್ತಾ ಇದ್ರೆ ಗಡ್ಡೆ ಮೇಲೆ ಕೆಳಗೆ ಓಡಾಡುತ್ತೆ. ಆಗ ಅದು ಓಡಾಡೋ ಜಾಗ ಪೂರ್ತಿ ನಾವು ಕಿರಣ ಹಾಕ್ಬೇಕು. ಒಳ್ಳೇ ಲಿವರು, ಜಠರ, ಕರುಳು ಎಲ್ಲದರ ಮೇಲೂ ಬೀಳುತ್ತೆ.

ಕನ್ನಡಕದಮ್ಮ: ತಲೆ ಅಲ್ಲಾಡಿಸ್ತಾ ಇರೋ ಗಿರಾಕಿಗೆ ಅಳತೆ ತೆಗೆದ ಹಾಗೆ. ಫ್ರೇಮು ಕಿವಿ ದಾಟಿ ಹೋಗುತ್ತೆ.

ಟೆಕ್ನಿಷಿಯನ್: ಹಾಂ, ಅದೇ! ಉಸಿರು ನಿಲ್ಲಿಸಿದ್ರೆ ಗಡ್ಡೆ ನಿಲ್ಲುತ್ತೆ. ನಿಂತಾಗ ಮಾತ್ರ ಕಿರಣ. ನಡುನಡುವೆ ಆರಾಮಾಗಿ ಉಸಿರಾಡಬಹುದು.

ಕನ್ನಡಕದಮ್ಮ: ಇಷ್ಟೇನಾ ಆ ಟೆಕ್ನಿಕಲ್ಲು?

ಕೋಚ್ ಚಾವಣಿಯ ಟ್ಯೂಬ್‌ಲೈಟ್ ನೋಡತೊಡಗಿದ.

ಕನ್ನಡಕದಮ್ಮ: ಇವತ್ತು ನನ್ನ ಕೈಲಿ ಆಗ್ಲಿಲ್ಲ ಅಂದ್ರೆ?

ಟೆಕ್ನಿಷಿಯನ್: ಹೊಟ್ಟೆ ಮೇಲೆ ಬಿಗಿಯಾಗಿ ಪಟ್ಟಿ ಕಟ್ಟಿ ಓಡಾಟ ಕಮ್ಮಿ ಮಾಡೋದು ಒಂದಿದೆ. ಆದ್ರೆ ನಿಮಗೆ ಜಠರ ತೀರಾ ಹತ್ತಿರ. ಅದಕ್ಕೆ ಹುಣ್ಣಾಗಬಾರದು ಅಂತ ಗಡ್ಡೆಗೆ ಕೊಡೋ ಡೋಸನ್ನೇ ಕಮ್ಮಿ ಮಾಡ್ಬೇಕಾಗಬಹುದು.

ಕನ್ನಡಕದಮ್ಮ: ಅಂದ್ರೆ ಗಡ್ಡೆ ಉಳ್ಕೋಬಹುದು.

ಟೆಕ್ನಿಷಿಯನ್ ಕಣ್ಣು ತಗ್ಗಿಸಿದಳು. ಗೌನಿನ ಮಡಿಕೆ ಬಿಡಿಸಿದಳು. ಕೋಚ್ ಈಗ ಟ್ಯೂಬ್‌ಲೈಟ್ ಬಿಟ್ಟು ಹೆಂಡತಿಯನ್ನೇ ನೋಡುತ್ತಿದ್ದ. ಇಷ್ಟು ಅವನಿಗೆ ಮೊದಲೇ ಗೊತ್ತಿತ್ತು ಎಂದು ಆಕೆಗೆ ಆಗ ಹೊಳೆಯಿತು. ಬಕೆಟ್ಟು, ವಿಸಿಲ್ಲು, ವಾರದ ಗದ್ದಲ ಎಲ್ಲ ಆ ಹೆದರಿಕೆಯದ್ದೇ ಸದ್ದು. ಪಾಪ ಅನ್ನಿಸಿತು. ಅದರ ಬೆನ್ನಿಗೇ ಸಿಟ್ಟೂ ಬಂತು: ನನ್ನ ಹೆದರಿಕೆಯನ್ನೂ ನನಗೆ ಕೊಡದೆ ತಾನೇ ಇಟ್ಟುಕೊಂಡಿದ್ದನಲ್ಲ!

ಕನ್ನಡಕದಮ್ಮ: ಕೊನೇ ಮಾತು. ಉಸಿರು ಎಳೆದು ನಿಲ್ಲಿಸೋದೋ, ಬಿಟ್ಟು ನಿಲ್ಲಿಸೋದೋ?

ಟೆಕ್ನಿಷಿಯನ್: ಕೆಲವರಿಗೆ ಎಳೆದು. ನಿಮಗೆ ಬಿಟ್ಟು. ಮಾಮೂಲಾಗಿ ಬಿಟ್ಟು ಹಾಗೇ ಇದ್ದುಬಿಡೋದು. ಬಿಟ್ಟಾಗ ಲಿವರ್ ಪ್ರತಿ ಸಲ ಹೆಚ್ಚುಕಮ್ಮಿ ಅದೇ ಜಾಗಕ್ಕೆ ಬಂದು ಕೂರುತ್ತೆ. ಡಾಕ್ಟರು ಸರ್‌ಗೆ ಹೇಳಿದ್ರಲ್ಲ?

ಕಾರಿಡಾರಿನಲ್ಲಿ ಟ್ರಾಲಿಯೊಂದು ಕಿರುಗುಟ್ಟುತ್ತ ಹಾದುಹೋಯಿತು. ಅದು ಮರೆಯಾಗುವವರೆಗೂ ಕೋಚ್ ಅದರ ಚಕ್ರಗಳನ್ನೇ ನೋಡಿದ.

ಕನ್ನಡಕದಮ್ಮ: ರೀ.

ಕೋಚ್: ಅವರು ಉಸಿರು ಅಂದ್ರು. ಅಷ್ಟರಲ್ಲಿ ನಾನು ನನ್ನ ನೀರೊಳಗಿನ ರೆಕಾರ್ಡ್ ವಿಷಯ ಎತ್ತಿದೆ. ಅವರಿಗೂ ಈಜು ಇಷ್ಟ. ಮಾತು ಆ ಕಡೆ ಹೋಯ್ತು.

ಕನ್ನಡಕದಮ್ಮ: ನನ್ನ ಲಿವರ್ ಬಿಟ್ಟು ಇಬ್ಬರೂ ಈಜೋಕೆ ಹೋದ್ರಿ.

ಕೋಚ್: ವಾಪಸ್ ಬಂದ್ವಿ! ಬರೋ ಹೊತ್ತಿಗೆ ನೀನು ಪರದೆ ಸರಿಸ್ದೆ.

ಕನ್ನಡಕದಮ್ಮ: ಒಂದು ವಾರ ನೀರಲ್ಲಿ ಮುಖ ಇಟ್ಟು ಉಲ್ಟಾ ಕಲಿತಿದೀನಿ. ಯಾರಾದ್ರೂ "ಉಸಿರು" ಅಂದ್ರೆ ಸಾಕು, ನನ್ನೆದೆ ಪೂರಿ ಥರ ಉಬ್ಬುತ್ತೆ. ಇದನ್ನ ಈಗ ಯಾರು ಇಳಿಸ್ತಾರೆ?

ಹೆದರಿದ್ದಂತೆಯೇ ಆಯಿತು. ಒಳಗೆ ತಣ್ಣನೆಯ ಕೋಣೆ, ಗಟ್ಟಿ ಮೇಜು, ತಲೆಯ ಮೇಲಕ್ಕೆ ಎತ್ತಿಟ್ಟ ಆಕೆಯ ಕೈಗಳು. ಹೊಟ್ಟೆಯ ಮೇಲೊಂದು ಪುಟ್ಟ ಡಬ್ಬಿ ಇಟ್ಟಿದ್ದರು. ಆಕೆ ಉಸಿರಾಡಿದಂತೆ ಅದು ಏರಿ ಇಳಿಯುವುದನ್ನು ಕ್ಯಾಮೆರಾವೊಂದು ನೋಡಿ, ಕಣ್ಣಿನೆದುರಿನ ಚಿಕ್ಕ ಪರದೆಯಲ್ಲಿ ಗೆರೆ ಎಳೆಯುತ್ತಿತ್ತು. ಪರದೆಯ ಕೆಳಭಾಗದಲ್ಲಿ ಹಸಿರು ಪಟ್ಟಿ. ಉಸಿರು ಬಿಟ್ಟು ಗೆರೆಯನ್ನು ಅದರೊಳಗೆ ತಂದು ನಿಲ್ಲಿಸಬೇಕು. ಟೆಕ್ನಿಷಿಯನ್ ಆಚೆ ಕೋಣೆಯ ಗಾಜಿನ ಹಿಂದೆ ಕೂತು ಮೈಕಿನಲ್ಲಿ ಮಾತಾಡುತ್ತಿದ್ದಳು. ಕಾರಿಡಾರಿನಲ್ಲಿ ಕೂರಲಾರದೆ ಬಾಗಿಲು ತಟ್ಟುತ್ತಲೇ ಇದ್ದ ಕೋಚ್‌ನನ್ನು, ತುಟಿ ಬಿಚ್ಚಬಾರದೆಂಬ ಕರಾರಿನ ಮೇಲೆ, ತನ್ನ ಹಿಂದಿನ ಸ್ಟೂಲಿಗೆ ಸೇರಿಸಿಕೊಂಡಿದ್ದಳು.

ಟೆಕ್ನಿಷಿಯನ್ (ಮೈಕಿನಲ್ಲಿ): ಆಂಟಿ, ಉಸಿರು...

ಗೆರೆ ಪರದೆಯ ಮೇಲಂಚಿಗೆ ಹೋಗಿ ಬಡಿಯಿತು.

ಟೆಕ್ನಿಷಿಯನ್: ...ಬಿಡಿ ಅಂತ ಹೇಳ್ತಿದ್ದೆ.

ಕನ್ನಡಕದಮ್ಮ: ನನಗೆ ಗೊತ್ತಮ್ಮ. ಎದೆಗೆ ಗೊತ್ತಾಗ್ತಿಲ್ಲ.

ಇನ್ನೊಮ್ಮೆ. ಮತ್ತೊಮ್ಮೆ. ಗೆರೆ ಒಮ್ಮೆ ಪಟ್ಟಿಯ ಮೇಲೆ, ಒಮ್ಮೆ ಕೆಳಗೆ. ಅದರೊಳಗೆ ಮಾತ್ರ ಇಲ್ಲ. ಕೋಣೆ ತಣ್ಣಗಿದ್ದರೂ ಆಕೆಯ ಹಣೆ ಬೆವರಿತು. ಜಠರಕ್ಕೆ ಹುಣ್ಣು ಅಥವಾ ಗಡ್ಡೆಗೆ ರಿಯಾಯಿತಿ, ಎರಡರಲ್ಲಿ ಒಂದು ಆರಿಸಿಕೊ ಎಂದು ಆ ಗೆರೆ ಕುಣಿಕುಣಿದು ಕೇಳುತ್ತಿರುವ ಹಾಗಿತ್ತು.

ಟೆಕ್ನಿಷಿಯನ್: ಸ್ವಲ್ಪ ಸುಧಾರಿಸಿಕೊಳ್ಳಿ ಆಂಟಿ. ಇನ್ನೊಂದು ಸಲ ನೋಡೋಣ. ಆಗ್ಲಿಲ್ಲ ಅಂದ್ರೆ ಡಾಕ್ಟರನ್ನ ಕರೀತೀನಿ.

ಅಷ್ಟರಲ್ಲಿ ಮೈಕಿನಲ್ಲಿ ಬೇರೊಂದು ದನಿ ಸಿಡಿಯಿತು. ಕರಾರು ಮುರಿದಿತ್ತು.

ಕೋಚ್: ಲೇ, ಭುಜ ಸಡಿಲ ಬಿಡೇ! ಸಂತೆಗೆ ಮೂಟೆ ಹೊತ್ತು ಹೊರಟೋಳ ಥರ ಯಾಕೆ ಬಿಗಿದುಕೊಂಡಿದೀಯ? ನಾನು ಮೊದಲೇ ಹೇಳಿದ್ದೆ...

ಕನ್ನಡಕದಮ್ಮ ಉಸಿರು ಬಿಟ್ಟಳು. ಬಿಟ್ಟು ಸುಮ್ಮನಾದಳು.

ಗೆರೆ ಇಳಿದು ಬಂದು ಹಸಿರು ಪಟ್ಟಿಯ ನಟ್ಟನಡುವೆ ಕೂತಿತು. ಕೂತದ್ದು ಅಲ್ಲಾಡಲಿಲ್ಲ.

ಟೆಕ್ನಿಷಿಯನ್: ಅಯ್ಯಯ್ಯೋ! ಹಾಗೇ ಇರಿ, ಹಾಗೇ ಇರಿ... ಸಾಕು, ಉಸಿರಾಡಿ. ಸರ್, ಏನ್ ಮಾಡಿದ್ರಿ?

ಕೋಚ್: ಟ್ರೈನಿಂಗು.

ಟೆಕ್ನಿಷಿಯನ್: ಇನ್ನೊಂದು ಸಲ ಹೇಳಿ ನೋಡೋಣ.

ಕೋಚ್: ಗ್ಯಾಸ್ ಆರಿಸಿ ಬಂದಿದೀಯಾ? ಬಂದಿರಲ್ಲ. ಯಾವತ್ತು ನೆನಪಿಟ್ಕೊಂಡಿದೀಯ?

ಗೆರೆ ಇಳಿಯಿತು. ಅದೇ ಜಾಗಕ್ಕೆ.

ಕೋಚ್: ಸ್ಕೂಟರ್ ಅಡ್ಡಡ್ಡ ನಿಲ್ಲಿಸ್ಬೇಡ ಅಂತ ಎಷ್ಟು ಸಲ ಹೇಳಿದೀನಿ? ನಿನ್ನ ತಂಗಿ ಕೂಡ ಹಾಗೇ. ವಂಶಕ್ಕೇ ಬ್ರೇಕ್ ಹಿಡಿಯೋದು ಗೊತ್ತಿಲ್ಲ.

ಮತ್ತೆ ಅದೇ ಜಾಗಕ್ಕೆ, ಕೂದಲೆಳೆಯಷ್ಟೂ ಆಚೀಚೆಯಿಲ್ಲ. ಟೆಕ್ನಿಷಿಯನ್‌ಗೆ ಅಷ್ಟರಲ್ಲಿ ಅರ್ಥವಾಗಿತ್ತು; ಅವಳೂ ಇಂಥದ್ದೇ ಒಂದು ಮನೆಯಿಂದ ಬಂದವಳೇ. ತುಟಿ ಒಳಗೆಳೆದುಕೊಂಡು ಪರದೆಯ ಮೇಲೆ ಕಣ್ಣು ನೆಟ್ಟಳು. ಅರ್ಥವಾಗದೆ ಉಳಿದವನು ಒಬ್ಬನೇ. ಅವನ ಕಣ್ಣು ತುಂಬಿ ಬಂದಿತ್ತು. ಮೈಕಿಗೆ ಇನ್ನಷ್ಟು ಬಾಗಿ, ಯಾರೂ ಕೇಳದಿದ್ದರೂ ಅವನು ಇನ್ನೊಂದು ಮಾತು ಹೇಳಿದ.

ಕೋಚ್: ಚೆನ್ನಾಗಿ ಮಾಡ್ತಿದೀಯ ಕಣೇ. ನಿನ್ನ ಥರ ಯಾರಿಗೂ ಬರಲ್ಲ.

ಕನ್ನಡಕದಮ್ಮ ಹೌಹಾರಿ ಗಾಳಿ ಎಳೆದುಕೊಂಡಳು. ಹೊಟ್ಟೆಯ ಮೇಲಿನ ಡಬ್ಬಿ ಕುಪ್ಪಳಿಸಿತು. ಗೆರೆ ಪರದೆ ಬಿಟ್ಟೇ ಹೊರಟುಹೋಯಿತು.

ಟೆಕ್ನಿಷಿಯನ್: ಸರ್! ಹೊಗಳಬೇಡಿ! ಎಲ್ಲ ಕೆಟ್ಟುಹೋಗುತ್ತೆ!

ಕನ್ನಡಕದಮ್ಮ: ಯಾರಮ್ಮ ಅದು ಮೈಕಲ್ಲಿ? ನಮ್ಮವರನ್ನ ಎಲ್ಲಿ ಕಳಿಸಿದ್ರಿ?

ಕೋಚ್ (ಗಾಬರಿಯಾಗಿ): ನಾನೇ ಕಣೇ!

ಕನ್ನಡಕದಮ್ಮ: ಹಾಗಾದ್ರೆ ಮುನ್ಸೂಚನೆ ಕೊಟ್ಟು ಹೇಳ್ರಿ ಇಂಥದ್ದನ್ನೆಲ್ಲ. ಕಾಯಿಲೆ ಮನುಷ್ಯಳು ನಾನು.

ಟೆಕ್ನಿಷಿಯನ್: ಆಂಟಿ, ದಿನಾ ಇವರನ್ನ ಮೈಕ್ ಮುಂದೆ ಕೂರಿಸೋಕಾಗಲ್ಲ. ಇವರಿಲ್ಲದೆ ಒಂದು ಸಲ ಆಗುತ್ತಾ?

ಕನ್ನಡಕದಮ್ಮ: ಮೈಕ್ ಆಫ್ ಮಾಡಮ್ಮ. ಮುಖ ನೆನಪಿಸ್ಕೊಂಡ್ರೆ ಸಾಕು.

ಆಫ್ ಮಾಡಿದರು. ಆಕೆ ಕಣ್ಣೆದುರಿಗೆ ಗಂಡನ ಮುಖವನ್ನು ತಂದುಕೊಂಡು, ಉಸಿರು ಬಿಟ್ಟು ಸುಮ್ಮನಾದಳು. ಹಸಿರು ಪಟ್ಟಿಯೊಳಗೆ ಗೆರೆ ಊಟವಾದ ಮೇಲೆ ಮಲಗಿದವರ ಹಾಗೆ ಮಲಗಿತ್ತು.

ಸ್ವಲ್ಪ ಹೊತ್ತಿಗೆ ಡಾಕ್ಟರು ಬಂದರು. ಆಕೆ ಬಟ್ಟೆ ಬದಲಿಸಿ ಬಂದು ಅವರ ಎದುರಿಗೇ ಕೂತಿದ್ದಳು. ಈ ಸಲ ನಡುವೆ ಪರದೆಯೂ ಇರಲಿಲ್ಲ. ಡಾಕ್ಟರು ಗೆರೆಗಳನ್ನು ನೋಡಿದರು. ಮುಖ ಅರಳಿತು. ಕುರ್ಚಿ ತಿರುಗಿತು, ಗಂಡನ ಕಡೆಗೆ.

ಡಾಕ್ಟರು: ವಂಡರ್‌ಫುಲ್! ಇಷ್ಟು ನೆಟ್ಟಗೆ ಬರೋದು ಅಪರೂಪ. ಜಠರ ಬಚಾವ್, ಡೋಸು ಕಡಿಮೆ ಮಾಡ್ಬೇಕಾಗಿಲ್ಲ. ಒಳ್ಳೆ ತರಬೇತಿ ಕೊಟ್ಟಿದೀರಿ.

ಕನ್ನಡಕದಮ್ಮ: ಲಿವರ್ ಈ ಕಡೆ ಇದೆ, ಡಾಕ್ಟ್ರೇ.

ಡಾಕ್ಟರು (ನಕ್ಕು, ಗಂಡನಿಗೆ): ತಮಾಷೆ ಮಾಡ್ತಾರೆ ನಿಮ್ಮ ಮನೆಯವರು. ಮುಂದಿನ ವಾರ ಶುರು ಮಾಡೋಣ. ಏನೇನು ಎಚ್ಚರಿಕೆ ತಗೋಬೇಕು ಅಂತ ಹೇಳ್ತೀನಿ, ಆಮೇಲೆ ಅವರಿಗೆ ಹೇಳಿಬಿಡಿ. ಮೊದಲನೇದಾಗಿ...

ಕನ್ನಡಕದಮ್ಮ ಉಸಿರು ಬಿಟ್ಟಳು. ಬಿಟ್ಟು ಸುಮ್ಮನಾದಳು.

ಪಕ್ಕದಲ್ಲೇ ಕೂತಿದ್ದ ಕೋಚ್‌ಗೆ ಅದು ಕೇಳಿಸಿತು. ಇಷ್ಟು ವರ್ಷ ದಿನಾ ಕೇಳಿಸುತ್ತಿದ್ದ ಸದ್ದೇ. ಆದರೆ ಅವನು ಅದನ್ನು ಈಗಷ್ಟೇ ಪರದೆಯ ಮೇಲೆ ಗೆರೆಯಾಗಿ ನೋಡಿ ಬಂದಿದ್ದ. ಗ್ಯಾಸಿನ ಮಾತಿಗೆ ಇಳಿದ ಗೆರೆ, ಸ್ಕೂಟರಿನ ಮಾತಿಗೆ ಇಳಿದ ಗೆರೆ, ತಂಗಿಯ ಮಾತಿಗೆ ಇಳಿದ ಗೆರೆ. ಮುಖ ಮೊದಲು ಕೆಂಪಾಯಿತು, ಆಮೇಲೆ ಬಿಳಿಚಿತು. ಕೈ ತಾನಾಗಿ ಕೊರಳಿಗೆ ಹೋಗಿ ವಿಸಿಲನ್ನು ಅಂಗಿಯೊಳಗೆ ಇಳಿಬಿಟ್ಟಿತು.

ಕೋಚ್: ನನಗೆ ಹೇಳ್ಬೇಡಿ ಸರ್.

ಡಾಕ್ಟರು: ಯಾಕೆ?

ಕೋಚ್: ನಾನು ಅರ್ಧ ಕೇಳಿಸ್ಕೊಂಡು ಪೂರ್ತಿ ಕಲಿಸೋ ಜಾತಿ. ಹೋದ ಸಲ ಹೇಳಿದ್ರಲ್ಲ, ಅದನ್ನ ಬಕೆಟ್ಟಿಗೆ ಹಾಕ್ದೆ.

ಎದ್ದು ಹೋಗಿ, ಕೊಳದ ಅಂಚಿನಲ್ಲಿ ತಪ್ಪು ದಿಕ್ಕಿಗೆ ನಿಂತ ಹುಡುಗರ ಭುಜ ಹಿಡಿದು ತಿರುಗಿಸುವಂತೆ, ಡಾಕ್ಟರ ಚಕ್ರದ ಕುರ್ಚಿಯ ಬೆನ್ನು ಹಿಡಿದು ತಿರುಗಿಸಿದ. ಕುರ್ಚಿ ಕನ್ನಡಕದಮ್ಮನ ಮೊಣಕಾಲಿಗೆ ತಾಗಿ ನಿಂತಿತು. ಅಷ್ಟು ಹತ್ತಿರದಿಂದ ಡಾಕ್ಟರು ಆಕೆಯ ಮುಖವನ್ನು ಮೊದಲ ಸಲ ನೋಡಿದರು. ಅಂಗಡಿಯ ಅಭ್ಯಾಸ; ಅವರ ಕನ್ನಡಕ ವಾಲಿದ್ದು ಆಕೆಯ ಕಣ್ಣಿಗೆ ಬಿತ್ತು. ಕೈ ಚಾಚಿ ಸರಿಮಾಡಿದಳು.

ಕನ್ನಡಕದಮ್ಮ: ಅಲ್ಲಾಡಬೇಡಿ. ಹಾಂ. ಈಗ ಕಾಣಿಸ್ತಿದೀನಾ? ಹೇಳಿ. ಮೊದಲನೇದಾಗಿ?

ಕಥೆಗೆ ಬಾಲ ಕಟ್ಟುವ ಅಭ್ಯಾಸ ನನಗಿಲ್ಲ. ಇದು ಬಾಲವಲ್ಲ, ಕೆಲಸ. ಯಾರದೋ ಹೊಟ್ಟೆಯ, ಯಾರದೋ ಎದೆಯ ಸುದ್ದಿಯನ್ನು ಡಾಕ್ಟರ ಬಾಯಿಂದ ನೀವು ಕೇಳಿಸಿಕೊಂಡು, "ಅವರಿಗ್ಯಾಕೆ ಸುಮ್ಮನೆ" ಎಂದು ಜೇಬಿನಲ್ಲಿ ಇಟ್ಟುಕೊಂಡು ಓಡಾಡುತ್ತಿದ್ದೀರಾ? ಹಾಗಾದರೆ ಇದನ್ನು ಇಲ್ಲೇ ಮಡಚಿಟ್ಟು ಏಳಿ. ಪಕ್ಕದ ಕೋಣೆಯಲ್ಲಿ ಅವರು ಉಸಿರು ಬಿಟ್ಟು ಸುಮ್ಮನೆ ಕೂತಿದ್ದಾರೆ. ಹೋಗಿ ಅವರಿಗೆ ಹೇಳಿ. ಪೂರ್ತಿ ಹೇಳಿ.